ಬೇಸಿಗೆಯ ಇರುಳಿಗೆ ಒಲೆ ಹಚ್ಚದ ಊಟ: ಸಂಯೋಜನೆ, ತಯಾರಿಕೆ ಮತ್ತು ಸುರಕ್ಷತೆ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ರಾಯಚೂರು, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಸೂರ್ಯ ಮುಳುಗಿದ ನಂತರವೂ ತಗಡು ಅಥವಾ ಕಾಂಕ್ರೀಟ್ ಛಾವಣಿಯ ಮನೆಗಳೊಳಗೆ ಕಾವು ಬೇಗನೆ ತಗ್ಗುವುದಿಲ್ಲ. ಅಂತಹ ವೇಳೆಯಲ್ಲಿ ಹೊಲದ ಕೆಲಸ ಮುಗಿಸಿ ಬಂದ ಮಹಿಳೆ ಮತ್ತೆ ಒಂದೂವರೆ ಗಂಟೆ ಒಲೆಯ ಮುಂದೆ ನಿಲ್ಲಬೇಕಾಗುತ್ತದೆ. ಈ ಕಾರಣದಿಂದಲೇ ಅನೇಕ ಕುಟುಂಬಗಳಲ್ಲಿ ಬೇಸಿಗೆಯ ರಾತ್ರಿಯೂಟ ತಾನಾಗಿಯೇ ಹಗುರವಾಗುತ್ತದೆ. ಒಂದು ಹೋಳು ಕಲ್ಲಂಗಡಿ, ಒಂದು ಲೋಟ ಮಜ್ಜಿಗೆ, ಇಲ್ಲವೇ ಬೆಳಿಗ್ಗೆ ಉಳಿದ ಅನ್ನ, ಇಷ್ಟರಲ್ಲೇ ಊಟ ಮುಗಿದುಹೋಗುತ್ತದೆ.

ಒಲೆ ಹಚ್ಚದೆ ರಾತ್ರಿಯೂಟ ಮಾಡುವುದರಲ್ಲಿ ತಪ್ಪಿಲ್ಲ. ರಾಮನವಮಿಯ ದಿನ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಮತ್ತು ಕರಬೂಜದ ಹಣ್ಣುಗಳನ್ನು ಹಂಚುವ ನಮ್ಮ ಪದ್ಧತಿಯು ಋತುವಿಗೆ ಹೊಂದುವ, ಬೇಯಿಸದ ಆಹಾರವೇ ಆಗಿದೆ. ಆದರೆ ಇಂತಹ ಊಟವು ಎರಡು ಕಡೆಗಳಲ್ಲಿ ಎಡವುತ್ತದೆ. ಮೊದಲನೆಯದಾಗಿ, ಹೊಟ್ಟೆ ತುಂಬಿದಂತೆ ತೋರಿದರೂ ಶಕ್ತಿ ಮತ್ತು ಸಸಾರಜನಕ ಬಹಳ ಕಡಿಮೆ ಇರುತ್ತವೆ. ಎರಡನೆಯದಾಗಿ, ಬೇಯಿಸುವಾಗ ಬೆಂಕಿಯು ನಮಗರಿವಿಲ್ಲದಂತೆಯೇ ರೋಗಾಣುಗಳನ್ನು ಕೊಲ್ಲುತ್ತಿರುತ್ತದೆ. ಒಲೆ ಹಚ್ಚದಿದ್ದಾಗ ಆ ರಕ್ಷಣೆ ಇಲ್ಲವಾಗುತ್ತದೆ. ಬೇಸಿಗೆಯಲ್ಲಿ ವಾಂತಿಭೇದಿ ಹೆಚ್ಚುವ ಕಾಲದಲ್ಲಿಯೇ ನಾವು ಹಸಿ ಆಹಾರವನ್ನು ಹೆಚ್ಚಾಗಿ ಸೇವಿಸುತ್ತೇವೆ ಎಂಬುದನ್ನು ನೆನಪಿಡಬೇಕು. ಬೆಂಕಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಶುದ್ಧ ನೀರು, ಶುಚಿಯಾದ ಕೈ ಮತ್ತು ಸರಿಯಾದ ವೇಳೆ ಈ ಮೂರೇ ಮಾಡಬೇಕಾಗುತ್ತದೆ. ಈ ಎರಡು ಅಂಶಗಳನ್ನು ಗಮನದಲ್ಲಿಟ್ಟು ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಬೆಂಕಿ ಕಂಡ ಧಾನ್ಯಗಳ ಆಯ್ಕೆ

ಒಲೆ ಹಚ್ಚದ ಊಟವೆಂದರೆ ಹಸಿ ಧಾನ್ಯ ತಿನ್ನುವುದೆಂದು ಅರ್ಥವಲ್ಲ. ಮನುಷ್ಯನ ಕರುಳು ಹಸಿ ಪಿಷ್ಟವನ್ನು ಸರಿಯಾಗಿ ಜೀರ್ಣಿಸಲಾರದು. ಹಸಿ ಅಕ್ಕಿಹಿಟ್ಟು, ಹಸಿ ಗೋಧಿಹಿಟ್ಟು ಅಥವಾ ಹಸಿ ರಾಗಿಹಿಟ್ಟನ್ನು ನೀರಿನಲ್ಲಿ ಕಲಸಿ ಸೇವಿಸಬಾರದು. ಹಿಟ್ಟಿನಲ್ಲಿಯೂ ರೋಗಾಣುಗಳಿರುವ ಸಾಧ್ಯತೆ ಇದೆ. ಆದ್ದರಿಂದ ಈಗಾಗಲೇ ಒಮ್ಮೆ ಬೆಂಕಿ ಕಂಡಿರುವ ಪದಾರ್ಥಗಳನ್ನೇ ಆರಿಸಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಇವುಗಳಿಗೆ ಕೊರತೆಯಿಲ್ಲ.

ಅವಲಕ್ಕಿಯನ್ನು ತಯಾರಿಸುವಾಗ ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹುರಿದು, ಬಿಸಿಯಾಗಿರುವಾಗಲೇ ಕುಟ್ಟಿ ಚಪ್ಪಟೆ ಮಾಡಲಾಗುತ್ತದೆ. ಈ ಹಂತದಲ್ಲಿ ಪಿಷ್ಟವು ಬೆಂದಿರುವುದರಿಂದಲೇ ತಣ್ಣೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಮಂಡಕ್ಕಿ, ಹುರಿಗಡಲೆ (ಪುಟಾಣಿ), ರಾಗಿ ಹುರಿಹಿಟ್ಟು ಮತ್ತು ಉತ್ತರ ಕರ್ನಾಟಕದ ಖಡಕ್ ರೊಟ್ಟಿ ಇದೇ ಗುಂಪಿಗೆ ಸೇರುತ್ತವೆ. ರಾಗಿ ಹುರಿಹಿಟ್ಟಿಗೆ ರಾಗಿಯನ್ನು ತೇವಗೊಳಿಸಿ, ಕಾದ ಬಾಣಲೆಯಲ್ಲಿ ಅರಳಿಸಿ ಬೀಸುತ್ತಾರೆ. ಹೆಸರು ‘ಹುರಿಹಿಟ್ಟು’ ಎಂದಿದ್ದರೂ ಕೆಲವು ಅಂಗಡಿಗಳಲ್ಲಿ ಸಾದಾ ರಾಗಿಹಿಟ್ಟನ್ನೇ ಸ್ವಲ್ಪ ಬೆಚ್ಚಗೆ ಮಾಡಿ ಮಾರುವುದುಂಟು. ಅರಳಿದ ರಾಗಿಯ ಹಿಟ್ಟಿಗೆ ವಿಶಿಷ್ಟವಾದ ಹುರಿದ ಪರಿಮಳವಿರುತ್ತದೆ. ಬಾಯಿಗೆ ಹಾಕಿಕೊಂಡಾಗ ಹಸಿ ವಾಸನೆ ಬಂದರೆ ಅದನ್ನು ಅಂಬಲಿಗೆ ಬಳಸುವುದೇ ಸೂಕ್ತ.

ಬೇಳೆಕಾಳುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ನೆನೆಸಿದ ಹೆಸರುಬೇಳೆ ಮತ್ತು ಕಡಲೆಬೇಳೆಗಳನ್ನು ಕೋಸಂಬರಿಯಾಗಿ ಬಳಸುವ ರೂಢಿಯಿದೆ. ಇವೆರಡರಲ್ಲಿ ಹೆಸರುಬೇಳೆಯು ಸುಲಭವಾಗಿ ಜೀರ್ಣವಾಗುತ್ತದೆ. ಅವರೆ, ರಾಜ್ಮಾ ಮತ್ತು ಸೋಯಾ ಅವರೆಗಳನ್ನು ನೆನೆಸಿದರೂ, ಮೊಳಕೆ ಬರಿಸಿದರೂ ಹಸಿಯಾಗಿ ತಿನ್ನಬಾರದು. ಅವುಗಳಲ್ಲಿರುವ ಪೋಷಕ ವಿರೋಧಿ ಅಂಶಗಳು ಚೆನ್ನಾಗಿ ಬೇಯಿಸಿದಾಗ ಮಾತ್ರ ನಿಷ್ಕ್ರಿಯವಾಗುತ್ತವೆ. ಹಸಿ ರಾಜ್ಮಾ ಕಾಳು ಅಲ್ಪ ಪ್ರಮಾಣದಲ್ಲಿಯೂ ತೀವ್ರ ವಾಂತಿಗೆ ಕಾರಣವಾಗಬಲ್ಲದು.

ಹಣ್ಣಿನ ತಟ್ಟೆ ಊಟವಲ್ಲ

ಕಲ್ಲಂಗಡಿಯಲ್ಲಿ ಶೇಕಡ 90ಕ್ಕಿಂತ ಹೆಚ್ಚು ಭಾಗ ನೀರೇ ಇರುತ್ತದೆ. ಸೌತೆಕಾಯಿಯಲ್ಲಿ ಅದು ಶೇಕಡ 95ರಷ್ಟಿರುತ್ತದೆ. ದಾಹ ತಣಿಸಲು ಇವು ಶ್ರೇಷ್ಠ. ಆದರೆ 300 ಗ್ರಾಂ ಕಲ್ಲಂಗಡಿ ಮತ್ತು ಒಂದು ಲೋಟ ನೀರುಮಜ್ಜಿಗೆ ಸೇರಿದರೂ 150 ಕಿಲೊ ಕ್ಯಾಲರಿಗಳಿಗಿಂತ ಹೆಚ್ಚು ಶಕ್ತಿ ದೊರೆಯುವುದಿಲ್ಲ. ಮಧ್ಯಮ ಶ್ರಮದ ಕೆಲಸ ಮಾಡುವ ಮಹಿಳೆಗೆ ದಿನಕ್ಕೆ ಸುಮಾರು 2,130 ಕಿಲೊ ಕ್ಯಾಲರಿ ಶಕ್ತಿ ಹಾಗೂ 46 ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ತಿಳಿಸುತ್ತದೆ. ರಾತ್ರಿಯೂಟವು ಇದರ ಮೂರನೆಯ ಒಂದು ಭಾಗವನ್ನಾದರೂ ಒದಗಿಸಬೇಕು. ಹಣ್ಣು ಮತ್ತು ಮಜ್ಜಿಗೆಯಲ್ಲಿ ಮುಗಿಸಿದ ಊಟ ಒಂದೆರಡು ದಿನಕ್ಕೆ ತೊಂದರೆ ಕೊಡದು. ಎರಡು ತಿಂಗಳು ಹೀಗೆಯೇ ನಡೆದರೆ ಬೆಳೆಯುವ ಮಕ್ಕಳು, ಹಾಲೂಡಿಸುವ ತಾಯಂದಿರು ಮತ್ತು ಕೂಲಿ ಮಾಡುವವರು ತೂಕ ಕಳೆದುಕೊಳ್ಳುತ್ತಾರೆ. ವಯಸ್ಸಾದವರು “ಸೆಕೆಗೆ ಹಸಿವಿಲ್ಲ” ಎಂದು ಹೇಳಿ ಇಷ್ಟಕ್ಕೇ ತೃಪ್ತರಾಗುವುದರಿಂದ ಅವರ ವಿಷಯದಲ್ಲಿ ಇದು ಬೇಗನೆ ಗಮನಕ್ಕೆ ಬರುವುದೂ ಇಲ್ಲ.

ಊಟದ ಸಂಯೋಜನೆಗೆ ಕಠಿಣ ಲೆಕ್ಕಾಚಾರ ಬೇಕಿಲ್ಲ. ಬೆಂಕಿ ಕಂಡ ಒಂದು ಧಾನ್ಯ, ಒಂದು ಬೇಳೆ ಅಥವಾ ಹುರಿಗಡಲೆ, ಮೊಸರು, ಒಂದು ಹಿಡಿ ಎಣ್ಣೆಕಾಳು, ಒಂದೆರಡು ಹಸಿ ತರಕಾರಿ ಹಾಗೂ ನಿಂಬೆಹಣ್ಣು, ಇಷ್ಟಿದ್ದರೆ ಸಾಕು. ಧಾನ್ಯದ ಸಸಾರಜನಕದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲವನ್ನು ಬೇಳೆ ಮತ್ತು ಮೊಸರು ತುಂಬಿಕೊಡುತ್ತವೆ. ನಿಂಬೆರಸದ ‘ಸಿ’ ಜೀವಸತ್ವವು ಧಾನ್ಯ ಹಾಗೂ ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಬಿಸಿ ತಗಲದ ಕಾರಣ ಆ ಜೀವಸತ್ವ ನಷ್ಟವಾಗದಿರುವುದು ಈ ಊಟದ ಒಂದು ಲಾಭ. ಊಟದ ಬೆನ್ನಿಗೇ ಚಹಾ ಕುಡಿದರೆ ಈ ಲಾಭ ಬಹುಮಟ್ಟಿಗೆ ಕೈತಪ್ಪುತ್ತದೆ.

ಮೊಸರವಲಕ್ಕಿ ಮತ್ತು ಹೆಸರುಬೇಳೆ ಕೋಸಂಬರಿ (ನಾಲ್ವರಿಗೆ)

ಬೇಕಾಗುವ ಸಾಮಗ್ರಿಗಳು: ಮಧ್ಯಮ ಗಾತ್ರದ ಅವಲಕ್ಕಿ 320 ಗ್ರಾಂ, ಸಿಹಿ ಮೊಸರು 800 ಗ್ರಾಂ, ಕಾಯಿಸಿ ಆರಿಸಿದ ಹಾಲು ಅರ್ಧ ಲೋಟ, ಹೆಸರುಬೇಳೆ 120 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 60 ಗ್ರಾಂ, ಎಳೆಯ ಸೌತೆಕಾಯಿ 400 ಗ್ರಾಂ, ಕ್ಯಾರೆಟ್ ಒಂದು, ತುರಿದ ತೆಂಗಿನಕಾಯಿ 40 ಗ್ರಾಂ, ನಿಂಬೆಹಣ್ಣು ಎರಡು, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು ಮತ್ತು ಉಪ್ಪು ರುಚಿಗೆ ತಕ್ಕಷ್ಟು. ಊಟದ ಕೊನೆಗೆ ಕರಬೂಜ ಅಥವಾ ಕಲ್ಲಂಗಡಿ ತಲಾ 200 ಗ್ರಾಂ.

ರಾತ್ರಿ ಎಂಟು ಗಂಟೆಯ ಊಟಕ್ಕೆ ಕೆಲಸ ಮಧ್ಯಾಹ್ನವೇ ಆರಂಭವಾಗುತ್ತದೆ. ಬೆಳಿಗ್ಗೆ ಹೆಪ್ಪು ಹಾಕಿದ ಮೊಸರು ಬೇಸಿಗೆಯಲ್ಲಿ ನಾಲ್ಕೈದು ಗಂಟೆಗಳಲ್ಲೇ ಗಟ್ಟಿಯಾಗಿ, ರಾತ್ರಿಯ ಹೊತ್ತಿಗೆ ಹುಳಿ ಬಂದಿರುತ್ತದೆ. ಆದ್ದರಿಂದ ಚೆನ್ನಾಗಿ ಕುದಿಸಿದ ಹಾಲನ್ನು ಉಗುರು ಬೆಚ್ಚಗೆ ಆರಿಸಿ, ಮಧ್ಯಾಹ್ನ ಎರಡರ ಸುಮಾರಿಗೆ ಸ್ವಲ್ಪವೇ ಹೆಪ್ಪು ಸೇರಿಸಬೇಕು. ಗಟ್ಟಿಯಾದ ಕೂಡಲೇ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿ ಇಡಬೇಕು.

ಸಂಜೆ ಆರು ಗಂಟೆಗೆ ಹೆಸರುಬೇಳೆಯನ್ನು ಆರಿಸಿ, ಮೂರು ಬಾರಿ ತೊಳೆದು, ಕುಡಿಯಲು ಯೋಗ್ಯವಾದ ನೀರಿನಲ್ಲಿ ನೆನೆಸಬೇಕು. ಒಂದೂವರೆ ಗಂಟೆ ಸಾಕು. ಬೆಳಿಗ್ಗೆಯೇ ನೆನೆಸಿಟ್ಟು ಹೊಲಕ್ಕೆ ಹೋಗುವ ಅಭ್ಯಾಸವನ್ನು ಬೇಸಿಗೆಯಲ್ಲಿ ಬಿಡಬೇಕು. ಸೆಕೆಯಲ್ಲಿ ಎಂಟು ಹತ್ತು ಗಂಟೆ ನೆನೆದ ಬೇಳೆಯ ನೀರು ನೊರೆ ಬಂದು ಹುಳಿಯಾಗಿರುತ್ತದೆ. ಅಂತಹ ಬೇಳೆಯನ್ನು ಮತ್ತೆ ತೊಳೆದು ಹಸಿಯಾಗಿ ಬಳಸುವುದು ಸರಿಯಲ್ಲ.

ಏಳೂವರೆಗೆ ಸೌತೆಕಾಯಿಯನ್ನು ತೊಳೆದು, ಸಿಪ್ಪೆ ತೆಗೆದು, ತುದಿಯಿಂದ ಒಂದು ಚೂರು ತಿಂದು ನೋಡಬೇಕು. ನೀರಿನ ಕೊರತೆಯಿಂದ ಬಳಲಿದ ಬಳ್ಳಿಯ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಅಂಶ ಹೆಚ್ಚಾಗುತ್ತದೆ. ತುದಿಯನ್ನು ಉಜ್ಜಿ ನೊರೆ ತೆಗೆದರೆ ಕಹಿ ಹೋಗುತ್ತದೆಂಬ ನಂಬಿಕೆ ಇದೆ. ಕಹಿಯಾದ ಕಾಯಿಯನ್ನು ಉಜ್ಜುತ್ತ ಕೂರುವುದಕ್ಕಿಂತ ಎಸೆಯುವುದೇ ಲೇಸು. ಸೋರೆಕಾಯಿಯ ವಿಷಯದಲ್ಲಂತೂ ಈ ಎಚ್ಚರ ಕಡ್ಡಾಯ. ಸೌತೆ ಮತ್ತು ಕ್ಯಾರೆಟ್ ಅನ್ನು ಸಣ್ಣಗೆ ಹೆಚ್ಚಿ, ಬಸಿದ ಬೇಳೆ, ತೆಂಗಿನ ತುರಿಯ ಅರ್ಧ ಭಾಗ, ಕೊತ್ತಂಬರಿ ಸೊಪ್ಪು ಮತ್ತು ಹಸಿಮೆಣಸಿನಕಾಯಿ ಸೇರಿಸಿಡಬೇಕು. ಉಪ್ಪು ಮತ್ತು ನಿಂಬೆರಸವನ್ನು ಬಡಿಸುವ ಮುನ್ನ ಮಾತ್ರ ಬೆರೆಸಬೇಕು; ಮೊದಲೇ ಉಪ್ಪು ಹಾಕಿದರೆ ಸೌತೆ ನೀರು ಬಿಟ್ಟು ಕೋಸಂಬರಿ ಸಪ್ಪಗಾಗುತ್ತದೆ.

ಕೊನೆಗೆ ಅವಲಕ್ಕಿ. ಜರಡಿ ಹಿಡಿದು ಹೊಟ್ಟು, ಮರಳು ತೆಗೆದು, ಎರಡು ಬಾರಿ ಬೇಗನೆ ತೊಳೆದು ಬಸಿಯಬೇಕು. ಐದು ನಿಮಿಷ ಮುಚ್ಚಿಟ್ಟರೆ ಉಳಿದ ತೇವದಲ್ಲಿಯೇ ಅದು ಅರಳಿಕೊಳ್ಳುತ್ತದೆ. ನಂತರ ಹಾಲು, ಮೊಸರು, ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಉಳಿದ ತೆಂಗಿನ ತುರಿ ಮತ್ತು ಉಪ್ಪು ಸೇರಿಸಿ ಕಲಸಬೇಕು. ಹಾಲು ಬೆರೆಸುವುದರಿಂದ ಮೊಸರವಲಕ್ಕಿ ಬಿಗಿಯಾಗುವುದಿಲ್ಲ, ಬೇಗ ಹುಳಿಯೂ ಆಗುವುದಿಲ್ಲ. ತೆಳು ಅವಲಕ್ಕಿಯನ್ನು ಮೊಸರಿಗೆ ಬಳಸುವುದು ಬೇಡ, ಅದು ಗಂಜಿಯಂತಾಗುತ್ತದೆ. ಗಟ್ಟಿ ಅವಲಕ್ಕಿಯಾದರೆ ತೊಳೆದ ನಂತರ ಹತ್ತರಿಂದ ಹದಿನೈದು ನಿಮಿಷ ಬಿಡಬೇಕು. ಶೇಂಗಾವನ್ನು ತಟ್ಟೆಗೆ ಬಡಿಸಿದ ಮೇಲೆ ಉದುರಿಸಿದರೆ ಗರಿಗರಿಯಾಗಿ ಉಳಿಯುತ್ತದೆ. ಒಗ್ಗರಣೆಯಿಲ್ಲದೆ ಮೊಸರವಲಕ್ಕಿ ಗಂಟಲಿಗಿಳಿಯದು ಎನ್ನುವವರು ಬೆಳಗಿನ ಅಡುಗೆಯ ಜೊತೆಯಲ್ಲೇ ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಮಾಡಿ ಮುಚ್ಚಿಟ್ಟುಕೊಳ್ಳಬಹುದು.

ಈ ಪ್ರಮಾಣದ ಊಟದಿಂದ ಒಬ್ಬರಿಗೆ ಸುಮಾರು 700 ಕಿಲೊ ಕ್ಯಾಲರಿ ಶಕ್ತಿ ಮತ್ತು 23ರಿಂದ 24 ಗ್ರಾಂ ಸಸಾರಜನಕ ದೊರೆಯುತ್ತದೆ. ಅಂದರೆ ವಯಸ್ಕ ಮಹಿಳೆಯ ದಿನದ ಸಸಾರಜನಕದ ಅರ್ಧದಷ್ಟು. ಇದರಲ್ಲಿ ಹೆಸರುಬೇಳೆಯ ಪಾಲು ಸುಮಾರು 7 ಗ್ರಾಂ, ಮೊಸರಿನ ಪಾಲು 6 ಗ್ರಾಂ. ಕೋಸಂಬರಿಯನ್ನು ಎಲೆಯ ತುದಿಗೆ ಒಂದು ಚಮಚ ಬಡಿಸಿ ಬಿಟ್ಟರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಹಬ್ಬದೂಟದಲ್ಲಿ ಅದು ವ್ಯಂಜನ. ಇಲ್ಲಿ ಅದೇ ಊಟದ ಅರ್ಧ ಭಾಗ, ತಲಾ ಒಂದು ಬಟ್ಟಲು ತುಂಬ ಇರಬೇಕು.

ಪ್ರಾದೇಶಿಕ ಪರ್ಯಾಯಗಳು

ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಊಟ ಹೊಸದೇನಲ್ಲ. ಜೋಳ ಅಥವಾ ಸಜ್ಜೆಯ ಖಡಕ್ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಚಟ್ನಿಪುಡಿ, ಗುರೆಳ್ಳು ಅಥವಾ ಅಗಸಿ ಚಟ್ನಿಪುಡಿ, ಜೊತೆಗೆ ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ, ಮೆಂತ್ಯ ಪಚಡಿ. ಹೊಲದ ಬದುವಿನ ಹಕ್ಕರಕಿ ಸೊಪ್ಪು ಸಿಕ್ಕರೆ ಇನ್ನೂ ಉತ್ತಮ. ಇದರಲ್ಲಿ ಬೇಳೆಯ ಅಂಶ ಮಾತ್ರ ಕಡಿಮೆ. ಮೊಸರಿಗೆ ಎರಡು ಚಮಚ ಹುರಿಗಡಲೆ ಹಿಟ್ಟು ಕಲಸಿದರೆ ಅಥವಾ ಪಚಡಿಗೆ ನೆನೆಸಿದ ಹೆಸರುಬೇಳೆ ಸೇರಿಸಿದರೆ ಅದೂ ಸರಿಹೋಗುತ್ತದೆ. ಮೇಲೆ ಹೇಳಿದ ಮೊಸರವಲಕ್ಕಿಗಿಂತ ಒಂದು ದೃಷ್ಟಿಯಿಂದ ಇದು ಹೆಚ್ಚು ಸುರಕ್ಷಿತ. ರೊಟ್ಟಿ ಮತ್ತು ಚಟ್ನಿಪುಡಿಗಳು ಒಣ ಪದಾರ್ಥಗಳಾದ್ದರಿಂದ ಅವುಗಳಲ್ಲಿ ರೋಗಾಣುಗಳು ಬೆಳೆಯಲು ಬೇಕಾದ ತೇವವೇ ಇರುವುದಿಲ್ಲ. ಚಟ್ನಿಪುಡಿ ಮಾಡುವಾಗ ಮುರುಟಿದ, ಕಪ್ಪಾದ, ಬೂಷ್ಟು ಹಿಡಿದ ಶೇಂಗಾ ಕಾಳುಗಳನ್ನು ಆರಿಸಿ ತೆಗೆಯಬೇಕು. ಇಂತಹ ಕಾಳುಗಳಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ವಿಷವು ಹುರಿಯುವುದರಿಂದ ಪೂರ್ಣವಾಗಿ ನಾಶವಾಗುವುದಿಲ್ಲ.

ಹಳೆಯ ಮೈಸೂರು ಭಾಗದವರಿಗೆ ಹುರಿಹಿಟ್ಟು ಅನುಕೂಲ. ಮೂರು ಭಾಗ ರಾಗಿ ಹುರಿಹಿಟ್ಟಿಗೆ ಒಂದು ಭಾಗ ಹುರಿಗಡಲೆ ಹಿಟ್ಟು ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಂಡು, ಒಬ್ಬರಿಗೆ 60ರಿಂದ 80 ಗ್ರಾಂನಂತೆ ಮಜ್ಜಿಗೆ, ಉಪ್ಪು, ಈರುಳ್ಳಿಯೊಂದಿಗೆ ಅಥವಾ ಕಾಯಿಸಿದ ಹಾಲು, ಬೆಲ್ಲ, ತೆಂಗಿನ ತುರಿಯೊಂದಿಗೆ ಕಲಸಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿರುವುದರಿಂದ ಮಕ್ಕಳಿಗೂ ಗರ್ಭಿಣಿಯರಿಗೂ ಇದು ಉತ್ತಮ ಆಯ್ಕೆ. ಮಂಡಕ್ಕಿಯನ್ನು ಈರುಳ್ಳಿ, ಟೊಮೆಟೊ, ಹುರಿಗಡಲೆ, ಶೇಂಗಾ, ಹಸಿ ಎಣ್ಣೆಯೊಂದಿಗೆ ಕಲಸಿ ತಿನ್ನುವುದು ಎಲ್ಲೆಡೆ ರೂಢಿಯಲ್ಲಿದೆ. ಆದರೆ ಮಂಡಕ್ಕಿ ಗಾತ್ರದಲ್ಲಿ ಹೆಚ್ಚು, ತೂಕದಲ್ಲಿ ಕಡಿಮೆ. ಒಂದು ಮೊರದಷ್ಟು ತಿಂದರೂ ನಡುರಾತ್ರಿ ಹಸಿವಾಗುವುದುಂಟು. ಅದನ್ನು ರಾತ್ರಿಯೂಟಕ್ಕೆ ಶಿಫಾರಸು ಮಾಡುವುದಾದರೆ ಹುರಿಗಡಲೆ ಮತ್ತು ಶೇಂಗಾದ ಪ್ರಮಾಣ ದ್ವಿಗುಣವಾಗಬೇಕು.

ನೀರು, ಕೈ, ವೇಳೆ

ಕುಡಿಯುವ ನೀರನ್ನು ಶೋಧಿಸಿ ಬಳಸುವ ಮನೆಗಳಲ್ಲಿಯೂ ಅವಲಕ್ಕಿಯನ್ನು ನಲ್ಲಿಯ ನೀರಿನಲ್ಲಿ ತೊಳೆಯುವುದು ಸಾಮಾನ್ಯ. ಅನ್ನಕ್ಕೆ ಅಕ್ಕಿ ತೊಳೆದಂತೆ ಇದೂ ಎಂಬ ಭಾವನೆ ಇದಕ್ಕೆ ಕಾರಣ. ಅಕ್ಕಿ ತೊಳೆದ ನೀರು ಮುಂದೆ ಕುದಿಯುತ್ತದೆ. ಅವಲಕ್ಕಿ ತೊಳೆದ ನೀರು ಅವಲಕ್ಕಿಯೊಳಗೇ ಉಳಿದು ನೇರವಾಗಿ ಹೊಟ್ಟೆ ಸೇರುತ್ತದೆ. ಬೇಳೆಯೂ ಅಷ್ಟೇ, ತಾನು ನೆನೆದ ನೀರನ್ನು ಹೀರಿಕೊಂಡೇ ಉಬ್ಬುತ್ತದೆ. ಆದ್ದರಿಂದ ಅವಲಕ್ಕಿಯ ಕೊನೆಯ ತೊಳೆತ, ಬೇಳೆ ನೆನೆಸುವಿಕೆ, ಸೊಪ್ಪಿನ ಕೊನೆಯ ಜಾಲಾಟ ಮತ್ತು ಮಜ್ಜಿಗೆಗೆ ಬೆರೆಸುವ ನೀರು ಈ ನಾಲ್ಕೂ ಕುಡಿಯುವ ನೀರೇ ಆಗಿರಬೇಕು. ಈ ಒಂದು ಬದಲಾವಣೆಯನ್ನು ಮಾತ್ರ ಮಾಡಿಕೊಂಡರೂ ಅಪಾಯ ಬಹಳಷ್ಟು ತಗ್ಗುತ್ತದೆ.

ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ಅಥವಾ ತೆರೆದ ಬಾವಿಯ ನೀರನ್ನು ಅವಲಂಬಿಸುವ ಗ್ರಾಮಗಳಲ್ಲಿ ನೀರನ್ನು ಬೆಳಿಗ್ಗೆಯೇ ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಬೇಕು. ಕುದಿಸಲು ಅನುಕೂಲವಿಲ್ಲದಿದ್ದರೆ ಆರೋಗ್ಯ ಕಾರ್ಯಕರ್ತೆಯರ ಬಳಿ ದೊರೆಯುವ ಕ್ಲೋರಿನ್ ಮಾತ್ರೆಗಳನ್ನು ಹೊದಿಕೆಯ ಮೇಲಿನ ಸೂಚನೆಯಂತೆ ಬಳಸಿ, ಅರ್ಧ ಗಂಟೆ ಬಿಟ್ಟು ಉಪಯೋಗಿಸಬೇಕು. ತಿಳಿಯಾದ ನೀರನ್ನು ಬಣ್ಣವಿಲ್ಲದ, ಗೀರು ಬೀಳದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಪ್ರಖರ ಬಿಸಿಲಿನಲ್ಲಿ ಮಲಗಿಸಿಡುವುದೂ ರೋಗಾಣು ನಾಶದ ಒಪ್ಪಿತ ವಿಧಾನ. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗಂತೂ ಬರವಿಲ್ಲ. ಇವು ಯಾವುವೂ ಫ್ಲೋರೈಡ್ ಅಥವಾ ನೈಟ್ರೇಟ್ ಅಂಶವನ್ನು ತೆಗೆಯುವುದಿಲ್ಲ. ಅಂತಹ ಸಮಸ್ಯೆಯಿರುವ ಊರುಗಳಲ್ಲಿ ಶುದ್ಧ ನೀರಿನ ಘಟಕದ ನೀರನ್ನೇ ಬಳಸಬೇಕು. ಅಂಗಡಿಯಿಂದ ತಂದ ಮಂಜುಗಡ್ಡೆಯನ್ನು ಪಾನಕಕ್ಕೆ ಹಾಕಬಾರದು. ಮೀನು ಸಾಗಣೆಗೆ ಬಳಸುವ ಮಂಜುಗಡ್ಡೆ ಕುಡಿಯುವ ನೀರಿನಿಂದ ತಯಾರಾಗಿರಬೇಕೆಂದಿಲ್ಲ.

ತರಕಾರಿಗಳನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಬೇಕು. ಸೋಪು ಅಥವಾ ಪಾತ್ರೆ ತೊಳೆಯುವ ಪುಡಿ ಬಳಸಬಾರದು. ಉಪ್ಪು ಮತ್ತು ಅರಿಶಿನದ ನೀರಿನಲ್ಲಿ ಅದ್ದುವುದರಿಂದ ಮಣ್ಣು, ಸಣ್ಣ ಕೀಟಗಳು ಬಿಟ್ಟುಕೊಳ್ಳುತ್ತವೆಯೇ ಹೊರತು ಎಲ್ಲ ರೋಗಾಣುಗಳು ಸಾಯುವುದಿಲ್ಲ. ಕರಬೂಜದ ಒರಟು ಸಿಪ್ಪೆಯಲ್ಲಿ ಹೊಲದ ಮಣ್ಣು ಅಡಗಿರುತ್ತದೆ. ತೊಳೆಯದೆ ಕತ್ತರಿಸಿದರೆ ಚಾಕುವೇ ಅದನ್ನು ತಿರುಳಿಗೆ ಒಯ್ಯುತ್ತದೆ. ಸಿಪ್ಪೆ ತಿನ್ನುವುದಿಲ್ಲವಲ್ಲ ಎಂದು ತೊಳೆಯದೆ ಬಿಡುವುದು ತಪ್ಪು. ನಗರದ ಚರಂಡಿ ನೀರು ಸೇರುವ ಹಳ್ಳಗಳ ದಂಡೆಯಲ್ಲಿ ಬೆಳೆದ ಸೊಪ್ಪನ್ನು ಬೇಯಿಸಿಯೇ ತಿನ್ನಬೇಕು, ಪಚಡಿಗೆ ಬಳಸಬಾರದು. ಕೈತೋಟದ ಬೆಳೆಗೆ ಕೀಟನಾಶಕ ಸಿಂಪಡಿಸಿದ್ದರೆ ಪೊಟ್ಟಣದ ಮೇಲೆ ಮುದ್ರಿಸಿರುವ ಕೊಯ್ಲಿನ ಮುನ್ನಿನ ಕಾಯುವ ಅವಧಿಯನ್ನು ಪಾಲಿಸಬೇಕು. ಹಸಿಯಾಗಿ ತಿನ್ನುವ ಸೌತೆ, ಕೊತ್ತಂಬರಿ, ಮೆಂತ್ಯಗಳಿಗೆ ರಾಸಾಯನಿಕಗಳನ್ನು ಸಿಂಪಡಿಸದಿರುವುದೇ ಒಳಿತು.

ಅಡುಗೆಗೆ ಮುನ್ನ, ವಿಶೇಷವಾಗಿ ಹಾಲು ಕರೆದ ನಂತರ, ಸಗಣಿ ಗೊಬ್ಬರ ಮುಟ್ಟಿದ ನಂತರ ಮತ್ತು ಮಗುವಿನ ಮಲ ತೊಳೆದ ನಂತರ ಸೋಪಿನಿಂದ ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಭೇದಿಯಾಗುತ್ತಿರುವವರು, ಕೈಯಲ್ಲಿ ಕೀವು ತುಂಬಿದ ಗಾಯವಿರುವವರು ಈ ಊಟವನ್ನು ಕಲಸಬಾರದು. ಕರೆದ ಹಾಲನ್ನು ಕಾಯಿಸದೆ ಬಳಸಲೇಬಾರದು. ರಾಸುಗಳ ಕಂದುರೋಗ ಮತ್ತು ಕ್ಷಯ ಹಸಿ ಹಾಲಿನ ಮೂಲಕ ಮನುಷ್ಯರಿಗೆ ಹರಡುತ್ತವೆ.

ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ನಡುವೆ ವೇಗವಾಗಿ ವೃದ್ಧಿಯಾಗುತ್ತವೆ. ಹೆಚ್ಚಿದ ಹಣ್ಣು, ಕಲಸಿದ ಕೋಸಂಬರಿ, ಮೊಸರವಲಕ್ಕಿಗಳನ್ನು ಸಾಮಾನ್ಯ ದಿನಗಳಲ್ಲಿ ಎರಡು ಗಂಟೆಯವರೆಗೆ ಹೊರಗಿಡಬಹುದು. ಕೋಣೆಯ ಉಷ್ಣಾಂಶ 32 ಡಿಗ್ರಿಗಿಂತ ಹೆಚ್ಚಿದ್ದರೆ ಈ ಅವಧಿ ಒಂದೇ ಗಂಟೆ. ಬಯಲುಸೀಮೆಯಲ್ಲಿ ಮೇ ತಿಂಗಳ ರಾತ್ರಿ ಎಂಟು ಗಂಟೆಗೂ ಅಡುಗೆಮನೆ ಇದಕ್ಕಿಂತ ಬಿಸಿಯಾಗಿರುವುದರಿಂದ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಕ್ಷೇಮ. ತಡವಾಗಿ ಬರುವವರಿಗೆ ಕಲಸಿದ ಊಟ ಎತ್ತಿಡುವ ಬದಲು ಒಣ ಅವಲಕ್ಕಿ, ಮೊಸರು, ಇಡೀ ಸೌತೆಕಾಯಿಯನ್ನು ಎತ್ತಿಡಬೇಕು. ಅವರು ಬಂದ ಮೇಲೆ ತಾವೇ ಕಲಸಿಕೊಳ್ಳಬಹುದು. ಹತ್ತು ನಿಮಿಷದ ಈ ಕೆಲಸವನ್ನು ಮನೆಯ ಗಂಡಸರೂ ಶಾಲೆಗೆ ಹೋಗುವ ಮಕ್ಕಳೂ ನಿರ್ವಹಿಸಬಲ್ಲರು.

ಬೆಳಿಗ್ಗೆಯ ಅನ್ನವನ್ನು ರಾತ್ರಿ ಮೊಸರನ್ನಕ್ಕೆ ಬಳಸುವ ಪದ್ಧತಿ ವ್ಯಾಪಕವಾಗಿದೆ. ಅನ್ನ ಬೆಂದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಹೊರಗಿಟ್ಟ ಅನ್ನದಲ್ಲಿ ಮೊಳೆತು, ಮತ್ತೆ ಬಿಸಿ ಮಾಡಿದರೂ ನಾಶವಾಗದ ವಿಷವನ್ನು ಉತ್ಪತ್ತಿ ಮಾಡಬಲ್ಲವು. ಫ್ರಿಜ್ ಇರುವವರು ಅನ್ನ ಬೆಂದ ಒಂದು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಒಳಗಿಡಬೇಕು. ಫ್ರಿಜ್ ಇಲ್ಲದವರಿಗೆ ಬೇಸಿಗೆಯಲ್ಲಿ ಹಗಲೆಲ್ಲ ಹೊರಗಿದ್ದ ಅನ್ನಕ್ಕಿಂತ ಅವಲಕ್ಕಿಯೇ ಸುರಕ್ಷಿತ.

ಮೊಳಕೆ ಕಾಳುಗಳ ಬಗ್ಗೆ ಪ್ರತ್ಯೇಕ ಎಚ್ಚರಿಕೆ

ಮೊಳಕೆ ಬರಿಸುವುದರಿಂದ ಹೆಸರುಕಾಳಿನಲ್ಲಿ ‘ಸಿ’ ಜೀವಸತ್ವ ಹೆಚ್ಚುತ್ತದೆ ಮತ್ತು ಖನಿಜಗಳನ್ನು ಹಿಡಿದಿಡುವ ಫೈಟೇಟ್ ಅಂಶ ತಗ್ಗುತ್ತದೆ. ಆದರೆ ಕಾಳು ಮೊಳೆಯಲು ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣವೇ ಸಾಲ್ಮೊನೆಲ್ಲಾ ಹಾಗೂ ಇ. ಕೊಲೈ ರೋಗಾಣುಗಳಿಗೂ ಬೇಕು. ಬೇಸಿಗೆಯಲ್ಲಿ ಮೊಳಕೆ ಬೇಗ ಬರುತ್ತದೆ, ಬೇಗ ಕೆಡುತ್ತದೆ. ಲೋಳೆಯಾದ, ಹುಳಿವಾಸನೆ ಬಂದ ಮೊಳಕೆಯನ್ನು ಬಳಸಬಾರದು. ಕಟ್ಟುವ ಬಟ್ಟೆಯನ್ನು ಪ್ರತಿ ಬಾರಿಯೂ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಒಣಗಿಸಬೇಕು. ಒಂದೇ ಬಟ್ಟೆಯನ್ನು ಜಾಡಿಸಿ ಮತ್ತೆ ಬಳಸುವುದರಿಂದಲೇ ಹೆಚ್ಚಿನ ಮೊಳಕೆಗಳು ಕೆಡುತ್ತವೆ. ನಂಬಿಕೆ ಇಲ್ಲದಿದ್ದಲ್ಲಿ ಬೆಳಿಗ್ಗೆಯ ಒಲೆಯಲ್ಲೇ ಮೊಳಕೆಯನ್ನು ಐದು ನಿಮಿಷ ಹಬೆಯಲ್ಲಿ ಬೇಯಿಸಿ, ಆ ಹೊತ್ತಿನ ಉಪಾಹಾರಕ್ಕೇ ಬಳಸುವುದು ಉತ್ತಮ. ರಾತ್ರಿಗೆ ನೆನೆಸಿದ ಬೇಳೆಯೇ ಸಾಕು.

ರೈತ ಕುಟುಂಬಗಳು ಮರೆಯಬಾರದ ಇನ್ನೊಂದು ವಿಷಯವಿದೆ. ಮುಂಗಾರು ಬಿತ್ತನೆಗೆ ತಂದ ಹೆಸರು, ಶೇಂಗಾ ಬೀಜಗಳು ಮೇ ತಿಂಗಳಲ್ಲಿ ಮನೆಯಲ್ಲೇ ಇರುತ್ತವೆ. ಶಿಲೀಂಧ್ರನಾಶಕ ಅಥವಾ ಕೀಟನಾಶಕದಿಂದ ಉಪಚರಿಸಿದ ಬೀಜಕ್ಕೆ ಗುರುತಿಗಾಗಿ ಬಣ್ಣ ಹಾಕಿರುತ್ತಾರೆ. ಇಂತಹ ಬೀಜವನ್ನು ಎಷ್ಟು ಬಾರಿ ತೊಳೆದರೂ ಆಹಾರಕ್ಕೆ, ಜಾನುವಾರುಗಳ ಮೇವಿಗೆ ಬಳಸುವಂತಿಲ್ಲ. ಮನೆಯಲ್ಲೇ ಬೀಜೋಪಚಾರ ಮಾಡಿದ್ದರೆ ಬಣ್ಣ ಮಾಸಿರುವ ಸಾಧ್ಯತೆ ಇರುವುದರಿಂದ ಚೀಲವನ್ನು ಅಡುಗೆಮನೆಯ ಹೊರಗೆ, ಮಕ್ಕಳ ಕೈಗೆ ಸಿಗದಂತೆ, ಚೀಟಿ ಕಟ್ಟಿ ಇಡಬೇಕು.

ಫ್ರಿಜ್ ಇಲ್ಲದ ಮನೆಗಳಲ್ಲಿ ತಂಪು ಕಾಯ್ದುಕೊಳ್ಳುವುದು

ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ, ಅಥವಾ ಒಂದರೊಳಗೊಂದು ಇಟ್ಟ ಎರಡು ಮಡಕೆಗಳ ನಡುವೆ ಒದ್ದೆ ಮರಳು ತುಂಬಿದ ವ್ಯವಸ್ಥೆಯು ನೀರು ಆವಿಯಾಗುವಾಗ ಉಂಟಾಗುವ ತಂಪಿನಿಂದ ಕೆಲಸ ಮಾಡುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಆದ್ದರಿಂದ ಕಲಬುರಗಿ, ಬಳ್ಳಾರಿ, ಚಿತ್ರದುರ್ಗಗಳಲ್ಲಿ ಇದು ಚೆನ್ನಾಗಿ ಫಲ ಕೊಡುತ್ತದೆ. ಗಾಳಿಯಲ್ಲಿ ತೇವಾಂಶ ಹೆಚ್ಚಿರುವ ಕರಾವಳಿಯಲ್ಲಿ ಅಷ್ಟಾಗಿ ಉಪಯುಕ್ತವಲ್ಲ. ತರಕಾರಿ ಬೆಳೆಗಾರರು ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಶೂನ್ಯ ಶಕ್ತಿ ಶೀತಲ ಕೋಣೆಯನ್ನು ಇಟ್ಟಿಗೆಯ ಜೋಡಿ ಗೋಡೆ ಕಟ್ಟಿ, ನಡುವೆ ಮರಳು ತುಂಬಿ, ದಿನಕ್ಕೆರಡು ಬಾರಿ ನೀರು ಹಾಕಿ ಬಳಸಬಹುದು. ಹೊರಗಿನ ಉಷ್ಣಾಂಶಕ್ಕಿಂತ 10ರಿಂದ 15 ಡಿಗ್ರಿ ಕಡಿಮೆ ಇರುವುದರಿಂದ ಸೌತೆ, ಸೊಪ್ಪು, ಇಡೀ ಹಣ್ಣುಗಳು ಹಲವು ದಿನ ತಾಜಾ ಉಳಿಯುತ್ತವೆ. ಆದರೆ ಹೊರಗೆ 40 ಡಿಗ್ರಿ ಇದ್ದಾಗ ಒಳಗೆ 25ರಿಂದ 30 ಡಿಗ್ರಿ ಇರುತ್ತದೆ. ಇದು ತರಕಾರಿಗೆ ತಂಪು, ರೋಗಾಣುಗಳಿಗೆ ಹಿತಕರ. ಹೆಚ್ಚಿದ ಹಣ್ಣು ಅಥವಾ ಉಳಿದ ಮೊಸರವಲಕ್ಕಿಯನ್ನು ಇಲ್ಲಿಟ್ಟು ಬೆಳಿಗ್ಗೆ ತಿನ್ನಬಾರದು. ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಕು.

ಯಾರಿಗೆ ಬದಲಾವಣೆ ಅಗತ್ಯ

ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವಯೋವೃದ್ಧರು ಹಾಗೂ ಕ್ಯಾನ್ಸರ್ ಚಿಕಿತ್ಸೆ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿರುವವರು ಹಸಿ ಮೊಳಕೆಯನ್ನು ಸೇವಿಸಬಾರದು. ಇವರಿಗೆ ನೆನೆಸಿದ ಬೇಳೆಯ ಬದಲು ಹುರಿಗಡಲೆ ಹಿಟ್ಟು, ಹೆಚ್ಚಿದ ಸೊಪ್ಪಿನ ಬದಲು ಸಿಪ್ಪೆ ತೆಗೆದ ಸೌತೆ ಅಥವಾ ಬಾಳೆಹಣ್ಣು ಕೊಡುವುದು ಸೂಕ್ತ. ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ, ಇಡೀ ಹುರಿಗಡಲೆ ಶ್ವಾಸನಾಳದಲ್ಲಿ ಸಿಲುಕುವ ಅಪಾಯವಿರುವುದರಿಂದ ಪುಡಿ ಮಾಡಿಯೇ ಬೆರೆಸಬೇಕು. ಎರಡು ವರ್ಷದೊಳಗಿನ ಮಗುವಿಗೆ ಈ ಊಟದ ಬದಲು ಕಾಯಿಸಿದ ಹಾಲಿನಲ್ಲಿ ಕಲಸಿದ ಹುರಿಹಿಟ್ಟು ಅಥವಾ ಆಗ ತಾನೇ ಬೇಯಿಸಿದ ಮೆತ್ತನೆಯ ಆಹಾರವನ್ನೇ ಕೊಡಬೇಕು. ಒಲೆಗೆ ರಜೆ ಕೊಡುವುದು ಉಳಿದವರ ಊಟಕ್ಕೆ ಮಾತ್ರ. ಮಧುಮೇಹವಿರುವವರು ಅವಲಕ್ಕಿಯನ್ನು 50 ಗ್ರಾಂಗೆ ಇಳಿಸಿ, ಕೋಸಂಬರಿ ಮತ್ತು ಶೇಂಗಾ ಹೆಚ್ಚಿಸಿಕೊಳ್ಳಬಹುದು. ರಕ್ತದೊತ್ತಡವಿರುವವರು ಮಜ್ಜಿಗೆಗೆ ಉಪ್ಪಿನ ಬದಲು ನಿಂಬೆರಸ, ಶುಂಠಿ, ಕರಿಬೇವು ಬಳಸಿ, ಉಪ್ಪಿನಕಾಯಿಯನ್ನು ದೂರವಿಡಬೇಕು.

ಊಟದ ನಂತರ ಯಾರಿಗಾದರೂ ವಾಂತಿ ಅಥವಾ ಭೇದಿ ಆರಂಭವಾದರೆ ಕಾಯದೆ ಒಂದು ಲೀಟರ್ ಶುದ್ಧ ನೀರಿಗೆ ಒಂದು ದೊಡ್ಡ ಪೊಟ್ಟಣ ಓ.ಆರ್.ಎಸ್. ಪುಡಿಯನ್ನು ಪೂರ್ತಿಯಾಗಿ ಕರಗಿಸಿ, ಪ್ರತಿ ಭೇದಿಯ ನಂತರ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು. ಕಲಸಿದ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಿ ಹೊಸದಾಗಿ ತಯಾರಿಸಬೇಕು. ಎದೆಹಾಲು ಕುಡಿಯುವ ಮಗುವಿಗೆ ಹಾಲೂಡಿಸುವುದನ್ನು ನಿಲ್ಲಿಸಬಾರದು. ಮಲದಲ್ಲಿ ರಕ್ತ, ತೀವ್ರ ಜ್ವರ, ಆರು ಗಂಟೆಗಳಿಗೂ ಹೆಚ್ಚು ಕಾಲ ಮೂತ್ರ ಬಾರದಿರುವುದು, ಗುಳಿಬಿದ್ದ ಕಣ್ಣು, ಮಂಪರು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ರೋಗಿಯನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಹನಕ್ಕೆ 108ಕ್ಕೆ ಕರೆ ಮಾಡಬಹುದು.